ಎಡಗೈಯ ಗೋಡೆ

ಕರಣೆಯ ಹಿಡಿಯಿಂದ ಗೋಡೆ ಬಡಿಯುತ್ತ ಮೇಸ್ತ್ರಿ ಬಂದರು. ಎಲ್ಲೂ ಟೊಳ್ಳು ಸದ್ದಿಲ್ಲ. ಮೂರು ಗೋಡೆ ಪಾಸಾದವು. ಅವಕ್ಕೆ ಗಾರೆ ಮೆತ್ತಿದ್ದವಳು ನಾಲ್ಕನೆಯದರ ಕಡೆ ತಿರುಗಿಯೂ ನೋಡಲಿಲ್ಲ.

ನಿನ್ನೆ ಸಂಜೆ ಅಮ್ಮನಿಗೆ ಜ್ವರವೆಂದು ಆ ಗೋಡೆಯನ್ನು ಬರೀ ಇಟ್ಟಿಗೆಯಲ್ಲೇ ಬಿಟ್ಟು ಓಡಿದ್ದಳು. ಬೆಳಿಗ್ಗೆ ಬಂದರೆ ಗಿಲಾವು ಮುಗಿದಿತ್ತು, ಅವಳ ಕೆಲಸಕ್ಕಿಂತ ನುಣುಪಾಗಿ.

ಊರಾಚೆಯ ಈ ತರಬೇತಿಯಲ್ಲಿ ನಿಯಮ ಒಂದೇ: ಗಾರೆ ಕೆಲಸ ಕಲಿಯುತ್ತ ಯಾವ ಮನೆಯ ಗೋಡೆಗಳನ್ನು ನೀವೇ ಮುಗಿಸುತ್ತೀರೋ ಆ ಮನೆ ನಿಮಗೆ, ಅಗ್ಗದ ಬಾಡಿಗೆಗೆ. ಬೇರೆಯವರ ಕೈ ಸೋಕಿತೋ, ಮುಂದಿನ ತಂಡಕ್ಕೆ. ಮದುವೆ ಮಾಡಿಕೊಂಡು ನೋಡಿಯಾಗಿತ್ತು. ಮನೆ ಕಟ್ಟಿ ನೋಡುವುದೊಂದು ಬಾಕಿಯಿತ್ತು. ಅಣ್ಣನ ಪಡಸಾಲೆಯಲ್ಲಿ ಅಮ್ಮನ ಜೊತೆ ಮುದುಡಿ ಮಲಗಿ, ಅತ್ತಿಗೆ ಪಾತ್ರೆ ಕುಕ್ಕುವುದನ್ನು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

ಆದರೆ ಈ ಗಿಲಾವಿನಲ್ಲಿ ಕರಣೆ ಎಳೆದ ಗೀರುಗಳೆಲ್ಲ ಉಲ್ಟಾ ಬಾಗಿದ್ದವು. ಎಡಗೈಯಲ್ಲಿ ಕರಣೆ ಹಿಡಿಯುತ್ತಿದ್ದವಳು ಇಡೀ ತಂಡಕ್ಕೆ ಒಬ್ಬಳೇ. ಎಲ್ಲರೂ ಎಡಚಿ ಎಂದೇ ಕರೆಯುತ್ತಿದ್ದರು. ತನ್ನ ಮನೆಯ ಕೊನೆಯ ಗೋಡೆ ಮುಗಿಸುವ ದಿನವೇ ಎಡಚಿ ಅಟ್ಟಣಿಗೆಯಿಂದ ಬಿದ್ದು ಸತ್ತಿದ್ದಳು. ಅದಾಗಿ ಮೂರು ತಿಂಗಳು.

"ಇದೂ ನಿಂದೇ ತಾನೇ?" ಮೇಸ್ತ್ರಿ ಕೇಳಿದರು.

ಹೂಂ ಅಂದರೆ ಬೀಗದ ಕೈ ಸಿಗುತ್ತಿತ್ತು.

"ಅಲ್ಲ ಮೇಸ್ತ್ರಿ. ಇದನ್ನ ನಾನು ಮುಟ್ಟೇ ಇಲ್ಲ."

ಮೇಸ್ತ್ರಿಗೆ ಆಶ್ಚರ್ಯವೇನೂ ಆಗಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು.

"ಗೊತ್ತು. ಆಚೆ ಮೂರು ಮನೇಲೂ ಒಂದೊಂದು ಗೋಡೆ ಹಿಂಗೇ ಇದೆ. ಎಲ್ರೂ ನಂದೇ ಅಂದ್ರು. ನಾನೂ ಬಾಯಿ ಮುಚ್ಕೊಂಡು ಕೊಟ್ಟೆ."

"ಹಂಗಾದ್ರೆ ನಂಗೆ ಮನೆ ಇಲ್ವಾ?"

ಮೇಸ್ತ್ರಿ ಒದ್ದೆ ಗೋಡೆಯ ಹತ್ತಿರ ಅಂಗೈ ಒಯ್ದು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು.

"ಆವತ್ತು ಅಟ್ಟಣಿಗೆ ಹಗ್ಗ ಬಿಗಿದಿದ್ದು ನಾನೇ ಕಣಮ್ಮ," ಅಂದರು. ದನಿ ಬಿದ್ದುಹೋಗಿತ್ತು. "ಇದೊಂದು ಗೋಡೆ ಅವಳ ಪಾಲು ಅಂದ್ಕೋ. ಮಿಕ್ಕಿದ್ದು ನಿಂದು. ಇಬ್ರೂ ಹೊಂದ್ಕೊಂಡು ಹೋಗಿ."

ಬೀಗದ ಕೈ ಅವಳ ಅಂಗೈಯಲ್ಲಿಟ್ಟು, ಹಿಂತಿರುಗಿ ನೋಡದೆ ಹೊರಟುಹೋದರು.

ಹದಿನೈದು ದಿನ ಬಿಟ್ಟು ಅಮ್ಮನನ್ನು ಕರೆತಂದಳು. ಅಮ್ಮ ಒಂದೊಂದೇ ಕಿಟಕಿ ತೆಗೆದು ಮುಚ್ಚಿ ನೋಡಿ, ಮಗಳು ಕಟ್ಟಿದ ಮನೆಯೆಂದು ಕಣ್ಣೊರೆಸಿಕೊಂಡಳು. ಮಗಳು ಗಂಟು ಬಿಚ್ಚಿ ಚಾಪೆ ಹಾಸತೊಡಗಿದಳು.

"ಇಬ್ಬರಿಗೆ ಮೂರು ಚಾಪೆ ಯಾಕೇ?"

ಅವಳು ಮೂರನೆಯದನ್ನು ನಾಲ್ಕನೇ ಗೋಡೆಯ ಬುಡಕ್ಕೆ ಹಾಸಿ, ಸುಕ್ಕಿಲ್ಲದಂತೆ ಕೈಯಾಡಿಸಿದಳು. ಅಮ್ಮ ಗೋಡೆಯನ್ನು ನೋಡಿದಳು, ಮಗಳ ಮುಖ ನೋಡಿದಳು. ಆಮೇಲೆ ತನ್ನ ಚಾಪೆಯನ್ನು ಒಂದು ಮೊಳ ಈಚೆಗೆ ಎಳೆದುಕೊಂಡಳು.