ಬಾಟಲಿ ಬೆಚ್ಚಗಿತ್ತು, ಹಾಲು ಸುಡುತ್ತಿತ್ತು

ಹಸಿದ ಮಗು ಅಳುತ್ತಿರುವಾಗ ಹಾಲು ಬೆಚ್ಚಗಾಗುವುದೇ ಇಲ್ಲ ಅನ್ನಿಸುತ್ತದೆ. ಈ ಕಷ್ಟ ಯಾವ ಮನೆಗೂ ಹೊಸದಲ್ಲ. ಪಾತ್ರೆಯಲ್ಲಿ ನೀರಿಟ್ಟು, ಅದರಲ್ಲಿ ಬಾಟಲಿ ನಿಲ್ಲಿಸಿ, ಮಗುವನ್ನು ಸೊಂಟಕ್ಕೇರಿಸಿಕೊಂಡು ಒಲೆಯ ಮುಂದೆ ಕಾಯಬೇಕು. ಅತ್ತು ಅತ್ತು ಮಗುವಿನ ಮುಖ ಕೆಂಪಗಾಗುತ್ತದೆ, ಕಾಯುವವರ ಕೈಕಾಲು ಆಡುವುದಿಲ್ಲ.

ಅಮೆರಿಕದ ಅಯೋವಾ ರಾಜ್ಯದ ನಮ್ಮ ಊರಿನಲ್ಲಿ ಅರ್ವಿಲ್ಲಾ ಎಂಬ ಅಜ್ಜಿ ದಿನಕ್ಕೆ ಮೂರು ಸಲ ಹೀಗೆ ಕಾಯುತ್ತಿದ್ದರು. ಮಗಳು ಡಾರ್ಲಾ, ಅಳಿಯ ವೆಂಡೆಲ್ ಇಬ್ಬರೂ ಹಂದಿಮಾಂಸದ ಕಾರ್ಖಾನೆಗೆ ದುಡಿಯಲು ಹೋಗುತ್ತಿದ್ದರು. ಹೆರಿಗೆಯಾದ ಎಂಟೇ ವಾರಕ್ಕೆ ಡಾರ್ಲಾ ಕೆಲಸಕ್ಕೆ ಮರಳಬೇಕಾಯಿತು. ಮಗು ಟೆಸ್ಸಿ ಅಜ್ಜಿಯ ಕೈಗೆ ಬಂತು.

ನಾನು ಮಿರ್ನಾ. ಆಗ ಆ ಜಿಲ್ಲೆಯ ಆರೋಗ್ಯ ನರ್ಸ್. ಮನೆಮನೆಗೆ ಹೋಗಿ ಕೂಸುಗಳ ತೂಕ ನೋಡುವುದು, ಚುಚ್ಚುಮದ್ದು ಹಾಕುವುದು, ತಾಯಂದಿರ ಅನುಮಾನ ಬಿಡಿಸುವುದು ನನ್ನ ಕೆಲಸ. ಇಂಥ ಕಥೆಗಳಲ್ಲಿ ಎಲ್ಲ ತಿಳಿದವರೊಬ್ಬರು ಇರುತ್ತಾರಲ್ಲ, ಈ ಕಥೆಯಲ್ಲಿ ಅದು ನಾನು.

1978ರ ಕ್ರಿಸ್‌ಮಸ್‌ಗೆ ವೆಂಡೆಲ್ ಮೈಕ್ರೋವೇವ್ ಒಲೆ ತಂದ. ಇಬ್ಬರು ಸೇರಿ ಹೊತ್ತು ತರಬೇಕಾದಷ್ಟು ಭಾರ. ಅಡುಗೆಕಟ್ಟೆಯ ಅರ್ಧ ಅದಕ್ಕೇ ಹೋಯಿತು. ಅದು ಶುರುವಾದರೆ ಅಡುಗೆಮನೆಯ ದೀಪ ಒಂಚೂರು ಮಂಕಾಗುತ್ತಿತ್ತು. ನಮ್ಮ ಬೀದಿಗೆ ಅದೇ ಮೊದಲನೆಯದು, ಹಾಗಾಗಿ ಎಲ್ಲರೂ ನೋಡಲು ಹೋದೆವು. ಕಾಗದದ ಲೋಟದಲ್ಲಿ ನೀರು ಕುದಿಯಿತು, ಲೋಟ ಸುಡಲಿಲ್ಲ. ಆಲೂಗೆಡ್ಡೆ ಐದು ನಿಮಿಷಕ್ಕೆ ಬೆಂದಿತು. ಡಾರ್ಲಾ ಒಂದು ಇಡೀ ಕೋಳಿ ಬೇಯಿಸಿದಳು. ಅದು ಬೆಳ್ಳಗೆ, ಜ್ವರ ಬಂದವರ ಹಾಗೆ ಹೊರಗೆ ಬಂತು. ಯಾರೂ ಎರಡನೇ ತುತ್ತು ತಿನ್ನಲಿಲ್ಲ, ಆದರೂ ಎಲ್ಲರೂ ಹೊಗಳಿದರು.

ಅರ್ವಿಲ್ಲಾ ಮಾತ್ರ ಹತ್ತಿರ ಬರಲಿಲ್ಲ. ಪೇಟೆಯ ಹೋಟೆಲಿನ ಬಾಗಿಲಲ್ಲಿ, ಹೃದಯ ಬಡಿತಕ್ಕೆ ಎದೆಯೊಳಗೆ ಯಂತ್ರ ಹಾಕಿಸಿಕೊಂಡವರು ಒಳಗೆ ಬರುವಾಗ ಎಚ್ಚರ, ಇಲ್ಲಿ ಮೈಕ್ರೋವೇವ್ ಇದೆ ಎಂದು ಚೀಟಿ ಅಂಟಿಸಿದ್ದರು. ಅವರು ಅದನ್ನು ಓದಿದ್ದರು. ಮಗಳು ಒಲೆಯ ಗುಂಡಿ ತಿರುಗಿಸಿದರೆ ಸಾಕು, ಇವರು ಟೆಸ್ಸಿಯನ್ನು ಎತ್ತಿಕೊಂಡು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅದರಲ್ಲಿ ಬಿಸಿ ಮಾಡಿದ ಕಾಫಿ ಕುಡಿಯುತ್ತಿರಲಿಲ್ಲ. ವೆಂಡೆಲ್ ಊಟದ ಹೊತ್ತಿನಲ್ಲಿ ಅತ್ತೆಯನ್ನು ರೇಗಿಸುತ್ತಿದ್ದ: ಕತ್ತಲಲ್ಲಿ ನಾವೆಲ್ಲ ಮಿಣುಕುಹುಳದ ಹಾಗೆ ಹೊಳೀತೀವಿ, ಕರೆಂಟು ಉಳಿಯುತ್ತೆ ಎಂದು.

ಜನವರಿಯಲ್ಲಿ ನಾನು ಟೆಸ್ಸಿಯ ತೂಕ ನೋಡಲು ಹೋದಾಗ ಡಾರ್ಲಾ ನನ್ನನ್ನು ಪಕ್ಕಕ್ಕೆ ಕರೆದಳು. ಅಮ್ಮ ನನ್ನ ಮಾತು ಕೇಳುವುದಿಲ್ಲ, ನಿನ್ನ ಮಾತು ಕೇಳುತ್ತಾರೆ, ಒಂದು ಸಲ ಹೇಳಿ ನೋಡು ಎಂದಳು. ನಾನು ಅಡುಗೆಮನೆಯಲ್ಲಿ ಅರ್ವಿಲ್ಲಾ ಎದುರು ಕೂತೆ.

“ಬಾಗಿಲು ತೆಗೆದ ತಕ್ಷಣ ಅದರ ಕಿರಣ ನಿಂತುಹೋಗುತ್ತೆ, ಅರ್ವಿಲ್ಲಾ. ದೀಪ ಆರಿಸಿದ ಹಾಗೆ. ತಿಂಡಿಯಲ್ಲಿ ಏನೂ ಉಳಿಯಲ್ಲ. ನಮ್ಮನೇಲೂ ತರಬೇಕು ಅಂತಿದ್ದೀನಿ.”

“ಮಗುವಿನ ಹಾಲೂ ಅದರಲ್ಲಿ ಇಡಬಹುದಾ?” ಅವರು ಕೇಳಿದರು. ನನ್ನ ಮುಖವನ್ನೇ ನೋಡುತ್ತಿದ್ದರು.

“ಹಾಲಿಗೇನಾಗುತ್ತೆ ಹೇಳಿ? ಧಾರಾಳವಾಗಿ ಇಡಿ.”

ಹಾಗೆಂದು ನಾನು ನಕ್ಕೆ. ಡಾರ್ಲಾ ಕೂಡ ನಕ್ಕಳು. ಕೊನೆಗೆ ಅರ್ವಿಲ್ಲಾ ಕೂಡ ನಾಚಿಕೊಂಡು ನಕ್ಕರು. ನನಗೆ ತಿಳಿದದ್ದು ಅಷ್ಟೇ. ಆ ಒಲೆಯಿಂದ ಹಾಲು ವಿಷವಾಗುವುದಿಲ್ಲ ಎಂದು ಗೊತ್ತಿತ್ತು. ಅದರಲ್ಲಿ ಹಾಲು ಹೇಗೆ ಕಾಯುತ್ತದೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ.

ಅಂದಿನಿಂದ ಅರ್ವಿಲ್ಲಾ ಬಾಟಲಿಯನ್ನು ಅದರಲ್ಲೇ ಇಟ್ಟರು. ತುಂಬಿದ ಬಾಟಲಿಗೆ ಒಂದು ನಿಮಿಷ. ಗಂಟೆ ಟಿಣ್ ಎಂದರೆ ಹಾಲು ಸಿದ್ಧ. ಮೂರು ವಾರ ಏನೂ ಆಗಲಿಲ್ಲ. ಮಿರ್ನಾ ಹೇಳಿದ್ದು ಸರಿ, ನಾನು ಸುಮ್ಮನೆ ಹೆದರಿದ್ದೆ ಎಂದು ಅವರು ಚರ್ಚಿನಲ್ಲಿ ಸಿಕ್ಕಾಗ ಹೇಳಿದರು. ನನಗೆ ಹೆಮ್ಮೆಯಾಯಿತು.

ಫೆಬ್ರವರಿಯಲ್ಲಿ ಟೆಸ್ಸಿಗೆ ನೆಗಡಿಯಾಯಿತು. ಮೂಗು ಕಟ್ಟಿಕೊಂಡು ಪೂರ್ತಿ ಬಾಟಲಿ ಕುಡಿಯುತ್ತಿರಲಿಲ್ಲ. ಚೆಲ್ಲುವುದು ಯಾಕೆ ಎಂದು ಅರ್ವಿಲ್ಲಾ ಆ ಮಧ್ಯಾಹ್ನ ಅರ್ಧ ಬಾಟಲಿ ಹಾಲು ಹಾಕಿದರು. ಗುಂಡಿಯನ್ನು ಎಂದಿನಂತೆ ಒಂದು ನಿಮಿಷಕ್ಕೆ ತಿರುಗಿಸಿದರು. ಹೊರಗೆ ತೆಗೆದು ಬಾಟಲಿಯನ್ನು ಕೆನ್ನೆಗೆ ಒತ್ತಿ ನೋಡಿದರು. ಬೆಚ್ಚಗಿತ್ತು, ಅಷ್ಟೇ. ನೀರಿನ ಪಾತ್ರೆಯಲ್ಲಿ ಕಾಯಿಸುವಾಗ ಮೊದಲು ಬಾಟಲಿ ಕೈ ಸುಡುತ್ತಿತ್ತು, ಆಮೇಲೆ ಹಾಲು ಬೆಚ್ಚಗಾಗುತ್ತಿತ್ತು. ನಲವತ್ತು ವರ್ಷ ಅವರ ಕೈಗೆ ಗೊತ್ತಿದ್ದ ಲೆಕ್ಕ ಅದು. ಆ ಒಲೆಯಲ್ಲಿ ಎಲ್ಲ ತಿರುಗುಮುರುಗು ಎಂದು ಅವರಿಗೆ ಯಾರು ಹೇಳಿದ್ದರು?

ಟೆಸ್ಸಿ ಹಸಿದಿದ್ದಳು. ಎರಡು ಮೂರು ಗುಟುಕು ಜೋರಾಗಿ ಎಳೆದುಕೊಂಡಳು.

ಅರ್ವಿಲ್ಲಾ ಫೋನಿನಲ್ಲಿ ನನ್ನ ಹೆಸರು ಬಿಟ್ಟು ಬೇರೇನೂ ಹೇಳಲಿಲ್ಲ. ನನ್ನ ಕಚೇರಿ ಎರಡು ಬೀದಿ ಆಚೆ. ನಾನು ಓಡಿಹೋದೆ. ಮಗುವಿನ ಬಾಯಿಯ ಮೇಲ್ಭಾಗ ಪೂರ್ತಿ ಬೆಳ್ಳಗಾಗಿ ಸಿಪ್ಪೆ ಏಳುತ್ತಿತ್ತು. ಅಳಲು ಬಾಯಿ ತೆರೆಯುತ್ತಿತ್ತು, ದನಿ ಬರುತ್ತಿರಲಿಲ್ಲ. ನನ್ನ ಕಾರಿನಲ್ಲೇ ನಲವತ್ತು ಮೈಲಿ ಆಚೆಯ ದೊಡ್ಡ ಆಸ್ಪತ್ರೆಗೆ ಹೊರಟೆವು. ರಸ್ತೆಯ ಮೇಲೆ ಮಂಜುಗಡ್ಡೆ. ಅರ್ವಿಲ್ಲಾ ಹಿಂದಿನ ಸೀಟಿನಲ್ಲಿ ಮಗುವಿನ ಉಸಿರು ಎಣಿಸುತ್ತಿದ್ದರು. ಮೆಲ್ಲಗೆ ಒಂದು, ಎರಡು, ಮೂರು ಎಂದು ಅವರು ಹೇಳುವುದು ದಾರಿಯುದ್ದಕ್ಕೂ ಕೇಳುತ್ತಿತ್ತು.

ಗಂಟಲು ಊದಿಕೊಂಡು ಉಸಿರಿನ ದಾರಿ ಮುಚ್ಚಿಹೋಗುತ್ತಿತ್ತು. ಡಾಕ್ಟರು ಕುತ್ತಿಗೆಯಲ್ಲಿ ತೂತು ಮಾಡಿ ನಳಿಗೆ ಹಾಕಿದರು. ಉಳಿದ ಹಾಲನ್ನು ಏನು ಮಾಡಿದಿರಿ, ಕಾಯಿಸಿದ್ದು ಹೇಗೆ ಎಂದು ಕೇಳಿದರು. ನಾನು ಹೇಳಿದೆ. ಅವರು ವಿವರಿಸಿದರು. ಈ ಒಲೆ ಹೊರಗಿನಿಂದ ಒಳಕ್ಕೆ ಕಾಯಿಸುವುದಿಲ್ಲ. ನೇರವಾಗಿ ಹಾಲನ್ನೇ ಕಾಯಿಸುತ್ತದೆ, ಬಾಟಲಿ ತಣ್ಣಗೇ ಉಳಿಯಬಹುದು. ಹಾಲೂ ಒಂದೇ ಸಮ ಕಾಯುವುದಿಲ್ಲ. ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಸುಡುವಷ್ಟು. ಅದರ ಮೇಲೆ ಅರ್ಧ ಹಾಲಿಗೆ ಪೂರ್ತಿ ಹಾಲಿನ ಹೊತ್ತು.

ಟೆಸ್ಸಿ ಬದುಕಿದಳು. ಅದಕ್ಕಿಂತ ಹೆಚ್ಚಿಗೆ ಏನು ಹೇಳಲಿ? ಅನ್ನನಾಳ ವಾಸಿಯಾಗುವಾಗ ಕಿರಿದಾಗಿಹೋಯಿತು. ಮೂರು ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಅವಳಿಗೆ ಮತ್ತು ಬರುವ ಔಷಧಿ ಕೊಟ್ಟು ಮಲಗಿಸಿ ಅದನ್ನು ಹಿಗ್ಗಿಸಬೇಕಿತ್ತು. ಏಳು ವರ್ಷದವರೆಗೆ ಅವಳು ಅರೆದ ಊಟವನ್ನೇ ತಿಂದಳು.

ಊರು ಸುಮ್ಮನಿರಲಿಲ್ಲ. ಮುದುಕಿಗೆ ಅರಳುಮರಳು, ಅಂಥವರ ಕೈಗೆ ಮಗು ಕೊಟ್ಟದ್ದೇ ತಪ್ಪು ಎಂದು ಹೋಟೆಲಿನಲ್ಲಿ ಆಡಿಕೊಂಡರು. ನಾನು ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ. ಬಾಯಿ ಬಿಡಲಿಲ್ಲ. ಏಳು ವಾರ ಬಾಯಿ ಬಿಡಲಿಲ್ಲ. ಕೆಲಸ ಹೋಗುತ್ತದೆಂಬ ಹೆದರಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ, ನಾನು ತಪ್ಪು ಹೇಳಿದೆ ಎನ್ನಲು ನಾಲಿಗೆ ಏಳಲಿಲ್ಲ.

ಕೊನೆಗೆ ಅರ್ವಿಲ್ಲಾ ಮನೆಗೆ ಹೋದೆ. ಕ್ಷಮಿಸಿ ಅನ್ನಲು ಹೊರಟವಳು ಹವೆ, ಚಳಿ ಎಂದೆಲ್ಲ ಮಾತಾಡಿದೆ. ಅವರು ಕೇಳಿಸಿಕೊಂಡರು.

“ನಾನು ಹೆದರಿದ್ದೆ, ಮಿರ್ನಾ,” ಎಂದರು ಆಮೇಲೆ. “ಯಾಕೆ ಹೆದರಬೇಕು ಅಂತ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಆದರೂ ಹೆದರಿದ್ದೆ. ನೀನು ಹೆದರಬೇಡ ಅಂದೆ.”

ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ.

ಅದೇ ವಾರ ಚರ್ಚಿನ ಸಭಾಂಗಣದಲ್ಲಿ ಹೆಂಗಸರಿಗೆ ಮೈಕ್ರೋವೇವ್ ಅಡುಗೆ ಕಲಿಸುವ ತರಗತಿ ಇತ್ತು. ನಾನು ಎದ್ದು ನಿಂತು ನಡೆದದ್ದೆಲ್ಲ ಹೇಳಿದೆ. ಹಾಲಿಡಿ ಅಂದವಳು ನಾನು ಎಂದೆ. ಡಾರ್ಲಾ ಹಿಂದಿನ ಸಾಲಿನಿಂದ ಎದ್ದು ಹೊರಗೆ ಹೋದಳು. ಆಮೇಲೆ ನನ್ನ ಜೊತೆ ಅವಳು ಮಾತಾಡಿದ್ದೇ ಇಲ್ಲ.

ಅಮ್ಮನನ್ನು ಮಾತ್ರ ಅವಳು ಒಂದು ವರ್ಷದ ಮೇಲೆ ಕ್ಷಮಿಸಿದಳು. ಅದನ್ನು ನನಗೆ ಹೇಳಿದವನು ವೆಂಡೆಲ್. ಈಸ್ಟರ್ ಊಟದ ದಿನ ಟೆಸ್ಸಿಯನ್ನು ಮುಂದೆ ಚಾಚಿ, ಎತ್ತಿಕೋ ಅಮ್ಮಾ ಎಂದಳಂತೆ. ಅರ್ವಿಲ್ಲಾ ಎರಡೂ ಕೈಗಳನ್ನು ಅಡುಗೆಯ ಏಪ್ರನ್ನಿನ ಕೆಳಗೆ ಬಚ್ಚಿಟ್ಟುಕೊಂಡರಂತೆ.

“ಬೇಡ ಕಣೇ. ಈ ಕೈಗೆ ಕೊಡಬೇಡ.”

ಸಾಯುವವರೆಗೂ ಅವರು ಆ ಮಗುವನ್ನು ಎತ್ತಿಕೊಳ್ಳಲಿಲ್ಲ. ಅಜ್ಜಿಗೆ ನನ್ನನ್ನು ಕಂಡರೆ ಆಗಲ್ಲ ಎಂದೇ ಟೆಸ್ಸಿ ತಿಳಿದು ಬೆಳೆದಳು.

ನಾನು ಒಂದು ಹಾಳೆಯ ಕರಪತ್ರ ಬರೆದೆ. ಹೆರಿಗೆಯಾದ ಪ್ರತಿ ತಾಯಿಗೂ ಆಸ್ಪತ್ರೆಯಲ್ಲಿ ಅದನ್ನು ಕೊಟ್ಟರು. ಮರುವರ್ಷ ಪಕ್ಕದ ಜಿಲ್ಲೆಯಿಂದ ಇನ್ನೊಂದು ಕೂಸು ಆಸ್ಪತ್ರೆಗೆ ಬಂತು, ಅದೇ ಬಾಯಿ, ಅದೇ ಬಿಳುಪು. ಆ ತಾಯಿ ಕರಪತ್ರ ಓದಿದ್ದಳು. ಹಾಲು ಕಾಯಿಸಿದವರು ಅವಳ ಮಾವ. ಅವರಿಗೆ ಯಾರೂ ಹೇಳಿರಲಿಲ್ಲ.

ಈಗ ಆ ಒಲೆ ಎಲ್ಲೆಡೆ ಇದೆ. ನಿಮ್ಮ ಮನೆಯಲ್ಲೂ ಇರಬಹುದು. ಅನ್ನ ಬಿಸಿ ಮಾಡಿಕೊಳ್ಳಿ, ಸಾರು ಬಿಸಿ ಮಾಡಿಕೊಳ್ಳಿ, ಕಲಕಿ, ಒಂದೆರಡು ನಿಮಿಷ ಬಿಟ್ಟು ತಿನ್ನಿ. ಮಗುವಿನ ಬಾಟಲಿಯನ್ನು ಮಾತ್ರ ಅದರಲ್ಲಿ ಇಡಬೇಡಿ. ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ. ಚೆನ್ನಾಗಿ ಅಲ್ಲಾಡಿಸಿ. ಬಾಟಲಿ ಮುಟ್ಟಿ ನೋಡಿದರೆ ಸಾಲದು, ಮಣಿಕಟ್ಟಿನ ಒಳಭಾಗಕ್ಕೆ ನಾಲ್ಕು ಹನಿ ಹಾಲು ಬಿಟ್ಟುಕೊಳ್ಳಿ. ಬಿಸಿ ಅನ್ನಿಸಿದರೆ ಆರುವವರೆಗೆ ಕಾಯಿರಿ. ಮಗು ಅತ್ತರೆ ಅಳಲಿ.

ಇದನ್ನು ಓದಿ ಮಡಿಸಿಡಬೇಡಿ. ನೀವು ಕೆಲಸಕ್ಕೆ ಹೋದಾಗ ನಿಮ್ಮ ಮಗುವಿಗೆ ಹಾಲು ಕೊಡುವವರು ಯಾರು? ಅತ್ತೆಯೋ, ಅಮ್ಮನೋ, ಪಕ್ಕದ ಮನೆಯವರೋ? ಅವರನ್ನು ಕೂರಿಸಿಕೊಂಡು ಹೇಳಿ. ಇವತ್ತೇ, ಮುಂದಿನ ಬಾಟಲಿ ಕಾಯಿಸುವ ಮೊದಲೇ ಹೇಳಿ.