ಖಾಲಿ ಜೇಬುಗಳು

ಕಪಾಟಿನ ಕೊನೆಯ ಕೋಟಿನ ಒಳಜೇಬನ್ನೂ ಅವಳು ಹೊರಗೆಳೆದಳು. ಒಂದು ಪುಟ್ಟ ತಿರುಪು, ಗಾಜು ಒರೆಸುವ ಬಟ್ಟೆ. ಹೊಗೆಸೊಪ್ಪಿನ ಚೂರೂ ಇಲ್ಲ. ಆಚೆ ಕೋಣೆಯಲ್ಲಿ ಗಂಡನ ಶವವಿತ್ತು.

"ಈಗಲೂ ಹುಡುಕ್ತೀಯಾ ಅಕ್ಕಾ?" ಎಂದಳು ತಂಗಿ.

"ಸಿಕ್ಕಿಬಿಟ್ರೆ, ಸುಳ್ಳು ಹೇಳಿದ್ರು ಅಂತ ಗೊತ್ತಾಗತ್ತೆ. ಅಷ್ಟೇ."

ತಂಗಿ ಹೊರಬಿದ್ದ ಜೇಬುಗಳನ್ನು ಒಂದೊಂದಾಗಿ ಒಳಕ್ಕೆ ತಳ್ಳತೊಡಗಿದಳು.

ಬಾಗಿಲ ಬಳಿ ಭಾವನ ದನಿ: "ನನ್ನ ತಮ್ಮ ಕದ್ದುಮುಚ್ಚಿ ಜಗೀತಿದ್ದ ಕಣಯ್ಯಾ. ಇಲ್ದಿದ್ರೆ ಬಾಯಿಗೆ ಕ್ಯಾನ್ಸರ್ ಯಾಕೆ ಬರತ್ತೆ? ಬೆಂಕಿ ಇಲ್ದೆ ಹೊಗೆ ಆಡತ್ತಾ?"

"ಮೂವತ್ತು ವರ್ಷ ಅವನ ಕನ್ನಡಕದಂಗಡಿ ಪಕ್ಕದಲ್ಲೇ ಕೂತಿದೀನಿ," ಎಂದ ಗಡಿಯಾರ ರಿಪೇರಿಯವನು. "ನನ್ನ ಸಿಗರೇಟಿಗೇ ಮೂಗು ಮುಚ್ಕೊಂಡು ಬೈತಿದ್ದ, ಪುಣ್ಯಾತ್ಮ."

*

ಹೋದ ವರ್ಷ ಗಂಡನ ನಾಲಿಗೆಯಂಚಿನ ಹುಣ್ಣು ಮೂರು ವಾರವಾದರೂ ಮಾಯದೆ, ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದಾಯಿತು. ಆಮೇಲೆ, ಕನ್ನಡಕದಂಗಡಿಯಿಂದ ಬಂದವನನ್ನು ಅವಳು ಹೊಸ್ತಿಲಲ್ಲೇ ನಿಲ್ಲಿಸುತ್ತಿದ್ದಳು.

"ಎಲ್ಲಿ, ಊದಿ."

"ನೀನೂ ನಾನು ಊದಿ ಒರೆಸೋ ಕನ್ನಡಕದ ಗಾಜಾದೆಯೇನೇ?" ನಗುತ್ತ ಮುಖಕ್ಕೆ ಊದುತ್ತಿದ್ದ. "ನಿನ್ನಾಣೆ, ಮುಟ್ಟಿಲ್ಲ ಕಣೇ."

"ಮತ್ತೆ ಸುಮ್ಮಸುಮ್ಮನೆ ಬರತ್ತಾ?"

ಎಂದೋ ಅವನಿಗೆ ಅಪಘಾತವಾಗಿ ರಕ್ತ ಹಾಕಿಸಿಕೊಂಡಾಗ ಮೈಸೇರಿದ ಹೆಪಟೈಟಿಸ್ ವೈರಸ್ಸು, ಬಹಳ ವರ್ಷ ಸದ್ದಿಲ್ಲದೆ ಲಿವರಿನಲ್ಲಿ ಕೂತಿತ್ತು. ಹುಣ್ಣಿಗೂ ಮುಂಚೆ, ಅದು ತಿಳಿದ ದಿನವೇ ಅವನು ತನ್ನ ರೇಜರು, ಬ್ರಷ್ಷು ಬೇರೆ ಡಬ್ಬಿಯಲ್ಲಿಟ್ಟು, ಅವಳನ್ನು ರಕ್ತಪರೀಕ್ಷೆಗೆ ಕರೆದೊಯ್ದಿದ್ದ. ಅವಳಿಗೇನೂ ಇಲ್ಲವೆಂದಾಗ ಮನೆಯವರೆಗೂ ಸಿಳ್ಳೆ ಹಾಕಿದ್ದ. ಲಿವರಿಗೂ ಬಾಯಿಯ ಹುಣ್ಣಿಗೂ ಎಲ್ಲಿಯ ನಂಟು? ಇಬ್ಬರೂ ಯೋಚಿಸಿರಲಿಲ್ಲ.

*

ಹನ್ನೊಂದು ಗಂಟೆಗೆ, ಅವನ ಲಿವರ್ ನೋಡುತ್ತಿದ್ದ ಡಾಕ್ಟರಮ್ಮ ಕೊನೆಯ ದರ್ಶನಕ್ಕೆ ಬಂದರು.

"ಡಾಕ್ಟ್ರೇ, ಹೊಗೆಸೊಪ್ಪು ಮುಟ್ಟದೇನೂ ಇದು ಬರತ್ತಾ?" ಅವಳು ಕೇಳಿದಳು.

"ಬರತ್ತಮ್ಮಾ. ಆ ವೈರಸ್ ಬಹಳ ವರ್ಷ ಇದ್ದೋರಲ್ಲಿ ಬಾಯಿ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಇರಬಹುದು ಅಂತ ಕೆಲವು ಅಧ್ಯಯನ ಹೇಳ್ತವೆ. ಇವರಿಗೆ ಅದರಿಂದ್ಲೇ ಬಂತು ಅಂತ ಹೇಳೋಕಾಗಲ್ಲ." ಡಾಕ್ಟರಮ್ಮ ಕುರ್ಚಿ ಎಳೆದು ಪಕ್ಕದಲ್ಲೇ ಕೂತರು. "ಆದ್ರೆ ತಿಂದಿಲ್ಲ ಅಂತ ಅವರು ಹೇಳಿದ್ರು. ನಾನು ನಂಬಿದ್ದೆ."

ಅವಳಿಗೆ ಅಳು ಬರಲಿಲ್ಲ. ಕಿವಿಗೆ ಹತ್ತಿ ತುರುಕಿದಂತಿತ್ತು.

"ನಾನು ನಂಬಲಿಲ್ಲ," ಎಂದಳು.

ಶವದ ಗಾಡಿ ಬಂತು. ಭಾವ ಮುಂದಿನ ಸೀಟು ಒರೆಸಿ ಕರೆದ: "ಇಲ್ಲಿ ಕೂತ್ಕೊಳಮ್ಮಾ, ಕುಲುಕಲ್ಲ."

ಅವಳು ಹಿಂದೆ ಹತ್ತಿ ಗಂಡನ ತಲೆಯ ಬಳಿ ನೆಲಕ್ಕೇ ಕೂತಳು. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಅವನ ಆಪರೇಷನ್ನಾದ ದವಡೆ ಕಬ್ಬಿಣದ ಕಂಬಿಗೆ ತಾಗುತ್ತಿತ್ತು. ಅವಳು ನಡುವೆ ಅಂಗೈ ಇಟ್ಟಳು. ಸ್ಮಶಾನ ಬರುವವರೆಗೂ ತೆಗೆಯಲಿಲ್ಲ.