ಅಪ್ಪನ ಕೈ, ನನ್ನ ಸೀಟು

ಎರಡು ಪಶುವೈದ್ಯ ಕಾಲೇಜುಗಳಲ್ಲಿ ಒಟ್ಟಿಗೇ ಸೀಟು ಸಿಕ್ಕಿದೆ ಎಂದರೆ ಕಂಡವರೆಲ್ಲ ಬೆನ್ನು ತಟ್ಟುತ್ತಾರೆ. ನನಗೋ ವಾರದಿಂದ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಆ ದಿನ ಸಂಜೆ ಐದರೊಳಗೆ ಒಂದನ್ನು ಒಪ್ಪಿಕೊಳ್ಳಬೇಕಿತ್ತು. ಇಲ್ಲದಿದ್ದರೆ ಎರಡೂ ಕೈತಪ್ಪುತ್ತಿದ್ದವು.

ಹತ್ತಿರದ ಕಾಲೇಜಿಗೆ ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರಬಹುದು. ದೂರದ್ದಕ್ಕೆ ಇಡೀ ರಾತ್ರಿ ರೈಲು. ಆದರೆ ಅಲ್ಲಿ ಕಾಲೇಜಿನದೇ ಕುದುರೆ ಲಾಯ, ದನದ ಕೊಟ್ಟಿಗೆ, ಕುರಿ ಹಿಂಡು ಎಲ್ಲ ಇವೆ. ನನಗೆ ಬೇಕಾಗಿದ್ದು ಅದೇ. ಬೆಕ್ಕು, ನಾಯಿ ನೋಡಿಯೇ ಬೆಳೆದವಳಿಗೆ ಒಂದು ಸಲವಾದರೂ ಕುದುರೆಯ ಎದೆಬಡಿತ ಕೇಳಬೇಕೆಂಬ ಹುಚ್ಚು.

"ಬೇಕಾಗಿದ್ದು ಗೊತ್ತಿದ್ಮೇಲೆ ಈ ಒದ್ದಾಟ ಯಾಕೇ?" ಎಂದು ಅಮ್ಮ ಹೋಗುತ್ತಾ ಬರುತ್ತಾ ಕೇಳುತ್ತಿದ್ದಳು. ಮನೆಯ ಮುಂದಿನ ಎರಡು ಕೋಣೆಗಳೇ ಅಪ್ಪನ ಪ್ರಾಣಿಗಳ ಕ್ಲಿನಿಕ್ಕು. ಹೊರಗಿನ ಕೋಣೆಯಲ್ಲಿ ಕೂತು ಚೀಟಿ ಬರೆಯುವವಳು ಅಮ್ಮ, ಒಳಗೆ ಪ್ರಾಣಿಯನ್ನು ಹಿಡಿದುಕೊಳ್ಳುವವಳು ನಾನು. ಹಾಗಾಗಿ ಅಪ್ಪನ ಬಲಗೈ ನಡುಗುತ್ತದೆ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ಮೊದಮೊದಲು ರಕ್ತನಾಳ ಸಿಗದಿದ್ದಾಗ ಅಪ್ಪ, "ಬೆಕ್ಕು ಅಲ್ಲಾಡಿಬಿಡ್ತು," ಎನ್ನುತ್ತಿದ್ದ. ನಾನು ಹೂಂಗುಟ್ಟುತ್ತಿದ್ದೆ. ಬರಬರುತ್ತಾ ಸೂಜಿ ಸದ್ದಿಲ್ಲದೆ ನನ್ನ ಕೈಗೆ ಬಂತು. ಇಬ್ಬರೂ ಸೇರಿ ಈ ಕಳ್ಳಾಟವನ್ನು ಚೆನ್ನಾಗಿಯೇ ರೂಢಿಸಿಕೊಂಡಿದ್ದೆವು. ನಾನು ದೂರ ಹೋದರೆ ಯಾವುದೋ ಒಂದು ದಿನ, ಯಾವುದೋ ಪ್ರಾಣಿಯ ಹೊಟ್ಟೆಯೊಳಗೆ ಆ ಕೈ ಜಾರುತ್ತದೆ. ಈ ಯೋಚನೆ ನನ್ನ ತಲೆ ತಿನ್ನುತ್ತಿತ್ತು. ಕೊನೆಗೆ ಅವತ್ತು ಬೆಳಿಗ್ಗೆ, ಹತ್ತಿರದ್ದೇ ಸೈ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಆಮೇಲೂ ದೂರದ ಕಾಲೇಜಿನ ಕುದುರೆ ಲಾಯದ ಚಿತ್ರವನ್ನು ಫೋನಿನಲ್ಲಿ ಮತ್ತೆ ಮತ್ತೆ ತೆರೆದು ನೋಡುತ್ತಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಮಧ್ಯಾಹ್ನ ಬೀದಿ ಕೊನೆಯ ದರ್ಜಿ ತನ್ನ ನಾಯಿಯನ್ನು ಹೊತ್ತು ತಂದ. ತಗಡು ತಗುಲಿ ಅದರ ತೊಡೆ ಹರಿದಿತ್ತು.

"ಬಟ್ಟೆಯಾಗಿದ್ರೆ ನಾನೇ ಹೊಲ್ಕೊಂಡುಬಿಡ್ತಿದ್ದೆ ಡಾಕ್ಟ್ರೇ," ಎಂದು ನಗಲು ಹೋದ. ನಗು ಬರಲಿಲ್ಲ.

"ನೀವು ಹೊರಗೆ ಕೂತ್ಕೊಳ್ಳಿ. ನಿಮ್ಮ ಮುಖ ನೋಡಿದ್ರೆ ಅದಕ್ಕೆ ಇನ್ನೂ ಗಾಬರಿ," ಎಂದು ಅಪ್ಪ ಬಾಗಿಲು ಹಾಕಿದ.

ಅರಿವಳಿಕೆ ಚುಚ್ಚುಮದ್ದನ್ನು ಎಂದಿನಂತೆ ನಾನೇ ಕೊಟ್ಟೆ. ನಾಯಿಯ ನಾಲಿಗೆ ಸಡಿಲವಾಗಿ ಪಕ್ಕಕ್ಕೆ ಬಿತ್ತು. ಅದರ ಕಾಲ್ಬೆರಳು ಚಿವುಟಿದೆ, ಕಾಲು ಎಳೆದುಕೊಳ್ಳಲಿಲ್ಲ. ಗಾಯ ತೊಳೆದು ಅಪ್ಪ ಹೊಲಿಗೆ ಶುರು ಮಾಡಿದ. ಒಂದೆರಡು ಸರಿಯಾಗಿ ಬಿದ್ದವು. ಆಮೇಲೆ ಸೂಜಿಯ ಮೊನೆ ಚರ್ಮದ ಮೇಲೆ ಕುಣಿಯತೊಡಗಿತು.

"ಏನ್ ತೀರ್ಮಾನ ಮಾಡ್ದೆ?" ಎಂದ, ತಲೆ ಎತ್ತದೆ.

"ಹತ್ತಿರದ್ದು."

"ಯಾಕೆ?"

"ಮನೆ ಊಟ ಸಿಗತ್ತಲ್ಲ."

"ವಾರದಿಂದ ಮನೆ ಊಟ ಮುಟ್ಟದೇ ಇರೋಳು ಹೇಳೋ ಮಾತಾ ಇದು?"

ಸೂಜಿ ಜಾರಿತು. ಅಪ್ಪ ಮುಖ ಸಿಂಡರಿಸಿ ಗದರಿದ. "ಸರಿಯಾಗಿ ಹಿಡ್ಕೊಳೇ! ನಾಯಿ ಹೆದ್ರಿಕೊಂಡು ನಡುಗ್ತಿದೆ, ಕಾಣ್ಸಲ್ವಾ?"

ನನ್ನ ಎರಡೂ ಅಂಗೈ ನಾಯಿಯ ಮೇಲಿದ್ದವು. ಉಸಿರಾಟ ಬಿಟ್ಟರೆ ಅದರ ಮೈಯಲ್ಲಿ ಇನ್ನೇನೂ ಅಲುಗುತ್ತಿರಲಿಲ್ಲ. ಈ ಸಲವೂ ಹೂಂ ಅಂದುಬಿಡಬಹುದಿತ್ತು.

"ಅಪ್ಪಾ, ಅದಕ್ಕೆ ಪ್ರಜ್ಞೆನೇ ಇಲ್ಲ. ನಡುಗ್ತಿರೋದು ನಾಯಿಯಲ್ಲ."

ಅಪ್ಪ ನಾಯಿಯ ನಾಲಿಗೆ ನೋಡಿದ, ಆಮೇಲೆ ತನ್ನ ಕೈ. ಅರಿವಳಿಕೆ ಕೊಟ್ಟ ಪ್ರಾಣಿಗೆ ಭಯವೆಂದು ಹೇಳುವ ತಪ್ಪನ್ನು ಮೊದಲ ವರ್ಷದ ಹುಡುಗರೂ ಮಾಡುವುದಿಲ್ಲ. ಬಯ್ಯುತ್ತಾನೆ ಅಂದುಕೊಂಡೆ. ಬಯ್ದಿದ್ದರೇ ವಾಸಿಯಿತ್ತು. ಸೂಜಿಯನ್ನು ತಟ್ಟೆಗಿಟ್ಟು ಸ್ಟೂಲಿನ ಮೇಲೆ ಕುಸಿದು ಕೂತ.

"ಅದಕ್ಕೇನಾ ಹತ್ತಿರದ್ದು?"

"ಹೂಂ. ಕಷ್ಟದ ಕೇಸೆಲ್ಲ ಸಂಜೆಗೆ ಇಟ್ಕೋ. ನಾನು ಬಂದು ಮಾಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ಅದೇ ನೋಡು ತೊಂದ್ರೆ. ನೀನಿರೋವರೆಗೂ ನಾನು ಚಾಕು ಕೆಳಗಿಡಲ್ಲ ಮಗಳೇ. ನೀನು ಮುಚ್ಚಿಹಾಕ್ತಿರ್ತೀಯ, ನಾನು ಕುಯ್ತಿರ್ತೀನಿ. ಒಂದಿನ ಯಾರ್ದೋ ಪ್ರಾಣ ಹೋಗತ್ತೆ."

ನಾನು ಹೋದರೆ ಏನಾಗುತ್ತದೋ ಎಂದು ವಾರವಿಡೀ ಬೆವೆತಿದ್ದೆ. ಇದ್ದರೆ ಏನಾಗುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಉಳಿದ ಹೊಲಿಗೆಗಳನ್ನು ಅಪ್ಪ ಪಕ್ಕದಲ್ಲಿ ನಿಂತು ಹೇಳಿಕೊಟ್ಟಂತೆ ನಾನು ಹಾಕಿದೆ. ನಾಯಿ ಕಣ್ಣು ಬಿಟ್ಟ ಮೇಲೆ ಅವನು ಬಾಗಿಲು ತೆರೆದ. ದರ್ಜಿ ಕೈಮುಗಿಯುತ್ತಾ ಎದ್ದು ಬಂದ. ಅಪ್ಪ ಅವನನ್ನು ತಡೆದು ಅಮ್ಮನ ಕಡೆ ತಿರುಗಿದ.

"ನಾಳೆಯಿಂದ ಆಪರೇಷನ್ ಕೇಸ್ ಬಂದ್ರೆ ದೊಡ್ಡ ಪಶು ಆಸ್ಪತ್ರೆಗೆ ಚೀಟಿ ಬರ್ದುಕೊಡು. ನನ್ನ ಕೈ ನಡುಗತ್ತೆ."

ಯಾರ ಹತ್ತಿರವೂ ಸೋಲೊಪ್ಪದ ಮನುಷ್ಯ, ದರ್ಜಿಯ ಎದುರಿಗೇ ಹೇಳಿಬಿಟ್ಟ. ದರ್ಜಿಗೆ ಗೊತ್ತಾದರೆ ಬೀದಿಗೆಲ್ಲ ಗೊತ್ತಾದಂತೆ. ಮಾತು ಹಿಂದಕ್ಕೆ ತೆಗೆದುಕೊಳ್ಳಲು ತನಗೇ ದಾರಿ ಇಟ್ಟುಕೊಳ್ಳಲಿಲ್ಲ. ಅಮ್ಮ ಪೆನ್ನು ಕೆಳಗಿಟ್ಟು ಅಪ್ಪನ ಬಲಗೈಯನ್ನು ನೋಡಿದಳು.

ನಾನು ಫೋನು ತೆಗೆದು ದೂರದ ಕಾಲೇಜನ್ನು ಒಪ್ಪಿಕೊಂಡೆ. ಬೇಕಾಗಿದ್ದೇ ಸಿಕ್ಕಿತ್ತು.

"ಆಯ್ತಾ?" ಎಂದ ಅಪ್ಪ.

"ಆಯ್ತು," ಎನ್ನುವಷ್ಟರಲ್ಲಿ ನನಗೆ ಅಳು ಒತ್ತರಿಸಿ ಬಂತು. ಅಪ್ಪ ಸಮಾಧಾನ ಮಾಡಲು ಬರಲಿಲ್ಲ. ಅವನೂ ಅಳುತ್ತಿದ್ದ.